ಹೊಗೆಕಿಂಡಿಯ ಸನ್ನೆ

ತಾಂಡ್ಯ, ಭಾನುವಾರ

ಸರ್ವಮಂಗಳಾ ಮೇಡಂ ಅವರಿಗೆ, ಕೋಮಲಳ ತಾಯಿ ವನಿತಾ ಮಾಡುವ ನಮಸ್ಕಾರಗಳು.

ಗುರುವಾರ ಟಿ. ನರಸೀಪುರದ ನಿಮ್ಮ ಕಿವುಡ ಮಕ್ಕಳ ಶಾಲೆಗೆ ನಾನು ಬಂದದ್ದು ಮಗಳನ್ನು ಬಿಡಿಸಿಕೊಂಡು ಹೋಗಲು. ಒಂಬತ್ತನೇ ಕ್ಲಾಸಿನ ಪಾಠ ಕಿವಿ ಕೇಳುವ ಮಕ್ಕಳಿಗೇ ಕಷ್ಟ, ಇವಳ ತಲೆಗೆ ಹೇಗೆ ಹತ್ತೀತು, ಟೈಲರಿಂಗಿಗೆ ಸೇರಿಸೋಣ ಎಂದು ಮನೆಯಲ್ಲಿ ಮಾತಾಗಿತ್ತು.

ನೀವು ಪಾಠ ಮಾಡುತ್ತಿದ್ದಿರಿ. ಬೋರ್ಡಿನ ಮೇಲೆ ಜ್ವಾಲಾಮುಖಿಯ ಚಿತ್ರ, ಪಕ್ಕದಲ್ಲಿ ‘ಫ್ಯೂಮರೋಲ್’ ಎಂಬ ಪದ. ಬೆರಳಲ್ಲಿ ಒಂದೊಂದೇ ಅಕ್ಷರ ತೋರಿಸಿದಿರಿ; ಮಕ್ಕಳ ಮುಖದಲ್ಲಿ ಏನೂ ಮೂಡಲಿಲ್ಲ. ಬೇರೆಯವರಾಗಿದ್ದರೆ ಬರೆಸಿ ಮುಂದಕ್ಕೆ ಹೋಗುತ್ತಿದ್ದರು. ನೀವು ಆ ಪದವನ್ನೇ ಬಿಡಿಸಿದಿರಿ. ಬಾಗಿಲಲ್ಲಿ ನಿಂತ ನನಗೂ ತಿಳಿಯಲೆಂದು ಬಾಯಲ್ಲೂ ಹೇಳಿದಿರಿ: “ಲ್ಯಾಟಿನ್ನಲ್ಲಿ ‘ಫ್ಯೂಮಸ್’ ಅಂದ್ರೆ ಹೊಗೆ ಕಣ್ರೀ. ಅದ್ರಿಂದ್ಲೇ ಈ ಪದ ಹುಟ್ಟಿದ್ದು. ಹೊಗೆ ಹೋಗೋ ಸಣ್ಣ ಕಿಂಡಿ ಅಂತ ಅರ್ಥ. ನೆಲದೊಳಗಿನ ಬಿಸಿ ಆವಿ, ಗ್ಯಾಸು ಅದ್ರಲ್ಲಿ ಈಚೆಗೆ ಬರುತ್ತೆ.” ಆಮೇಲೆ ಮಕ್ಕಳನ್ನೆಲ್ಲ ಬಿಸಿಯೂಟದ ಅಡುಗೆಮನೆಗೆ ಕರೆದೊಯ್ದು, ಅನ್ನದ ಪಾತ್ರೆಯ ಮುಚ್ಚಳದ ಸಂದಿಯಿಂದ ಏಳುವ ಆವಿಗೆ ದೂರದಿಂದಲೇ ಅಂಗೈ ಒಡ್ಡಿಸಿದಿರಿ.

ಆ ಪದಕ್ಕೆ ನಿಮಗೆ ಗೊತ್ತಿದ್ದ ಸನ್ನೆ ಇರಲಿಲ್ಲವಂತೆ. ಮಕ್ಕಳನ್ನೇ ಕೇಳಿದಿರಿ. ನನ್ನ ಕೋಮಲ ಮುಂದೆ ಬಂದಳು. ಎಡಗೈ ಮುಷ್ಟಿ ಕಟ್ಟಿ ನಡುವೆ ಸಣ್ಣ ತೂತು ಬಿಟ್ಟು, ಬಲಗೈ ಬೆರಳನ್ನು ಅದರೊಳಗಿಂದ ಸುರುಳಿ ಸುತ್ತುತ್ತ ಮೇಲೆತ್ತಿದಳು. ಮೊದಲು ನೀವು ಹಾಗೇ ಮಾಡಿದಿರಿ, ಆಮೇಲೆ ಇಡೀ ಕ್ಲಾಸು ಮಾಡಿತು.

“ಇನ್ಮೇಲೆ ನಮ್ಮ ಶಾಲೇಲಿ ಇದೇ ಸನ್ನೆ,” ಅಂದಿರಿ.

ಮೇಡಂ, ನನ್ನ ಮಗಳು ಇನ್ನೊಬ್ಬರಿಗೆ ಕಲಿಸುವುದನ್ನು, ಅದೂ ತನ್ನ ಗುರುವಿಗೇ ಕಲಿಸುವುದನ್ನು, ನಾನು ನೋಡಿದ್ದು ಅದೇ ಮೊದಲು. ಎಷ್ಟು ಸಲೀಸಾಗಿ ಅವಳಿಂದ ಕಲಿತಿರಿ ನೀವು! ಬಂದ ಕೆಲಸ ಹೇಳದೆ ಬಸ್ಸು ಹತ್ತಿದೆ.

ನಿನ್ನೆ ಹಾಸ್ಟೆಲಿನಿಂದ ಮನೆಗೆ ಬಂದ ಕೋಮಲ ನಮ್ಮತ್ತೆ ಚಿಕ್ಕಬಸಮ್ಮನ ಎದುರು ಕೂತು ಅದೇ ಪಾಠ ಮಾಡಿದಳು. ಒಲೆ ತೋರಿಸಿದಳು, ನೆಲ ತೋರಿಸಿದಳು, ಮುಷ್ಟಿ ಕಟ್ಟಿದಳು. ಶಾಲೆ ಬಿಡಿಸಲು ಎಲ್ಲರಿಗಿಂತ ಹಟ ಹಿಡಿದಿದ್ದವರು ಅವರೇ. ತಾವೂ ಮುಷ್ಟಿ ಕಟ್ಟಿ ನೋಡಿ, “ನಂಗೇ ತಿಳಿಯಂಗೆ ಏಳ್ತಾಳಲ್ಲವ್ವ. ಓದ್ಲಿ ಬುಡು,” ಅಂದರು.

ಭಾನುವಾರಗಳಂದು ನಾನು ಬಂದರೆ ನನಗೂ ಸನ್ನೆ ಕಲಿಸುತ್ತೀರಾ? ಊಟ ಆಯಿತಾ, ನಿದ್ದೆ ಬಂತಾ ಅನ್ನುವುದನ್ನು ಬಿಟ್ಟು ಮಗಳ ಜೊತೆ ಇನ್ನೂ ಎಷ್ಟೋ ಮಾತಾಡಬೇಕಿದೆ.

ನಂಜುಂಡೇಶ್ವರ ನಿಮ್ಮ ಕೈಗಳನ್ನು ತಣ್ಣಗಿಟ್ಟಿರಲಿ.

ಇಂತಿ,
ಕೋಮಲಳ ಅಮ್ಮ, ವನಿತಾ