ಬಣ್ಣ ಹಚ್ಚಿದ ವಾಲ್ವ್

7-10-62, ಆದಿತ್ಯವಾರ
ಸಂಜೆ ಆಯುಧಪೂಜೆ. ಪೂಜೆ ಎಲ್ಲರದ್ದು, ಬಣ್ಣ ಮಾತ್ರ ಈ ಫಿಟ್ಟರ್ ಅಲೋಶಿಯಸನದ್ದು! ಇಗರ್ಜಿಯಿಂದ ನೇರ ಕಾರ್ಖಾನೆಗೆ. ಮೀನೆಣ್ಣೆ ತೆಗೆಯುವ ಸ್ಟೀಮ್ ಹಂಡೆಗೆ ಸಿಲ್ವರ್ ಪೇಂಟ್ ಬಳಿದೆ. ಮೇಲಿನ ಸೇಫ್ಟಿ ವಾಲ್ವಿಗೆ ಎರಡು ಕೋಟು. ಬೆಂಕಿ ನೋಡಿಕೊಳ್ಳುವ ಪುತ್ತುಬ್ಬ ನಕ್ಕ — "ಮದುಮಗನ ಹಾಗೆ ಉಂಟು ಮಾರಾಯ್ರೆ!" ನನಗೂ ಹೆಮ್ಮೆ.

8-10-62, ಬೆಳಿಗ್ಗೆ
ಪ್ರತಿ ಸೋಮವಾರದಂತೆ ಮೊದಲು ತಪಾಸಣೆ ಪುಸ್ತಕದಲ್ಲಿ "ವಾಲ್ವ್ ಓಕೆ" ಎಂದು ಬರೆದು ಸಹಿ ಹಾಕಿದೆ. ಆಮೇಲೆ ವಾಲ್ವಿನ ಹಿಡಿ ಎಳೆದೆ. ಏಳಲಿಲ್ಲ. ಬಣ್ಣ ಸಂದಿಗೆ ಇಳಿದಿದೆ, ಬಿಸಿಗೆ ಬೆಂದು ಕಚ್ಚಿಕೊಂಡಿದೆ. ಒತ್ತಡ ಹೆಚ್ಚಾದರೆ ಹಬೆ ಹೊರಗೆ ಬಿಡುವುದು ಅದೊಂದೇ...
ಮ್ಯಾನೇಜರ್ ಬ್ಯಾಪ್ಟಿಸ್ಟರಿಗೆ ಹೇಳಿದೆ. "ಕಾಪುವಿನಲ್ಲಿ ಬೂತಾಯಿ ರಾಶಿ ಬಿದ್ದಿದೆ. ಈಗ ಹಂಡೆ ನಿಲ್ಲಿಸಿದ್ರೆ ಮೀನೆಲ್ಲ ಕೊಳೀತದೆ. ಒತ್ತಡ ತೋರಿಸುವ ಗೇಜ್ ಉಂಟಲ್ವಾ? ಪುತ್ತುಬ್ಬ ನೋಡ್ಕೊಳ್ತಾನೆ. ಆದಿತ್ಯವಾರ ಬಿಚ್ಚು."
ಪುತ್ತುಬ್ಬನಿಗೂ ಹೇಳಬೇಕಿತ್ತು. ಎಲ್ಲರೆದುರು ನಗುತ್ತಾನೆಂದು ನಾಚಿಕೆ. ನಾಳೆ ಹೇಳುತ್ತೇನೆ.

10-10-62
ಹೇಳಲಿಲ್ಲ.

13-10-62, ಶನಿವಾರ
ಮೊನ್ನೆ ಮಧ್ಯಾಹ್ನ ಹಂಡೆ ಒಡೆಯಿತು. ನಾನು ಬೋಲ್ಟ್ ತರಲು ಉಡುಪಿಗೆ ಹೋಗಿದ್ದೆ. ಪುತ್ತುಬ್ಬ ಗೇಜಿಗೆ ಬೆನ್ನು ಹಾಕಿ ಅಲ್ಲೇ ಊಟಕ್ಕೆ ಕೂತಿದ್ದನಂತೆ. ವಾಲ್ವ್ ಇದೆಯೆಂಬ ಧೈರ್ಯ. ಆಸ್ಪತ್ರೆ ಮುಟ್ಟುವ ಮೊದಲೇ ಹೋದ. ದೇವರೇ, ಕೊಂದವನು ನಾನು.
ಬ್ಯಾಪ್ಟಿಸ್ಟ್ ಕಿವಿಯಲ್ಲಿ ಹೇಳಿದರು — "ಪುಸ್ತಕದಲ್ಲಿ ಓಕೆ ಉಂಟು. ನೀನು ಬಚಾವ್. ಬೆಂಕಿ ಜಾಸ್ತಿ ಹಾಕಿದ್ದು ಅವನು ಅಂತ ಆಗ್ತದೆ."
ಕೈಯಲ್ಲಿ ಇನ್ನೂ ಪೇಂಟಿನ ವಾಸನೆ.

16-10-62
ಪುತ್ತುಬ್ಬನ ಹೆಂಡತಿ ಐಸಮ್ಮ ಬಂದಿದ್ದಳು. ಅಂಗಳದಲ್ಲೇ ನಿಂತಳು.
"ನೀವು ನೋಡಿ ಬರೆದ ಮೇಲೆ ವಾಲ್ವ್ ಸರಿಯೇ ಇತ್ತಲ್ವಾ? ಇವರೇ ಎಂತದೋ ತಪ್ಪು ಮಾಡಿರ್ಬೇಕು. ಇವರಿಂದ ನಿಮಗೂ ತೊಂದರೆ ಆಯ್ತು. ಬೇಜಾರು ಮಾಡ್ಬೇಡಿ ಅಲೋಶಿಯಸಣ್ಣ."
ಅವಳು ನನ್ನಲ್ಲಿ ಕ್ಷಮೆ ಕೇಳುತ್ತಿದ್ದಾಳೆ! ನಾನು ಹೌದೆಂದು ತಲೆ ಆಡಿಸಿದೆ. ಥೂ, ನನ್ನ ಜನ್ಮಕ್ಕೆ.

ಅದೇ ದಿನ, ಸಂಜೆ
ನಾಳೆ ಹತ್ತಕ್ಕೆ ಬಾಯ್ಲರ್ ಇನ್ಸ್‌ಪೆಕ್ಟರರ ವಿಚಾರಣೆ. ನನ್ನ ಹೆಂಡತಿ ಝೀಟಾಳಿಗೆ ಏಳು ತಿಂಗಳು. "ಏನೂ ಹೇಳ್ಬೇಡಿ. ನೀವು ಜೈಲಿಗೆ ಹೋದ್ರೆ ನಮ್ಮ ಗತಿ ಎಂತ?" ಎಂದು ಅಳುತ್ತಾಳೆ.
ಹೇಳಬೇಕಾದ್ದನ್ನು ಬರೆದು ನೋಡುತ್ತಿದ್ದೇನೆ —
ಸಾರ್, ಸೋಮವಾರ ಹಿಡಿ ಏಳಲಿಲ್ಲ. ಓಕೆ ಎಂದು ಮೊದಲೇ ಬರೆದಿದ್ದೆ. ಹೊಡೆದುಹಾಕಲಿಲ್ಲ. ಬಣ್ಣ ಬಳಿದವನು ನಾನೇ. ಪುತ್ತುಬ್ಬನಿಗೆ ಹೇಳಲು ಮೂರು ದಿನ ಇತ್ತು. ಹೇಳಲಿಲ್ಲ, ಏಕೆಂದರೆ ಅವನು ನಗುತ್ತಾನೆ ಎಂದು...