ಅರ್ಧ ಸೆಕೆಂಡು ಬಾಳಿದ ಪರಮಾಣು

ದುಬ್ನಾ, ಶುಕ್ರವಾರ

ಸಮಸ್ತ ಕೋಳಿಗಳ ಒಡತಿ, ಉಪ್ಪಿನಲ್ಲಿಟ್ಟ ಅಣಬೆಗಳ ಮಹಾರಾಣಿ, ಬೀದಿ ನಾಯಿಗಳ ಪಾಲಿನ ಸಿಂಹಸ್ವಪ್ನ, ಶ್ರೀಮದಜ್ಜಿ ಪ್ರಸ್ಕೋವ್ಯಾ ಅವರ ಪಾದಕಮಲಗಳಿಗೆ ಮೊಮ್ಮಗ ಗ್ಲೆಬ್‌ನ ಸಾಷ್ಟಾಂಗ ನಮಸ್ಕಾರ.

"ಯಾವ ಕೆಲಸದಲ್ಲೂ ಒಂದು ತಿಂಗಳು ನಿಲ್ಲಲ್ಲ ಕಣೋ ನೀನು" ಅಂತ ಗೋಳಾಡಿ ಕಳಿಸಿದ್ದೆಯಲ್ಲ, ಕೇಳು. ಎಷ್ಟೋ ವಾರಗಳಿಂದ ನಮ್ಮ ಪ್ರಯೋಗಾಲಯದ ಯಂತ್ರ, ಹೊಸ ಪರಮಾಣು ಹುಟ್ಟಲಿ ಅಂತ, ಒಂದು ತೆಳು ತಗಡಿಗೆ ಕ್ಯಾಲ್ಸಿಯಂ ಕಣಗಳನ್ನು ಬಡಿಯುತ್ತಲೇ ಇತ್ತು. ನಿನ್ನೆ ಕೊನೆಗೂ ಒಂದು ಭಾರೀ ಪರಮಾಣು ಹುಟ್ಟಿತು. ಒಂದೇ ಒಂದು! ಅರ್ಧ ಸೆಕೆಂಡು ಬಾಳಿ ಒಡೆದುಹೋಯಿತು. ನಾನು ಟೋಪಿ ತೆಗೆದು, ತಲೆ ತಗ್ಗಿಸಿ, ಶೋಕಾಚರಣೆಗೆ ನಿಂತೆ.

ನಮ್ಮ ಪಾಳಿಯ ಮುಖ್ಯಸ್ಥೆ ಕಪಿತೊಲಿನಾ ಲ್ವೋವ್ನಾ ಗದರಿದರು: "ಹಾಕ್ಕೊಳ್ಳೋ ಟೋಪಿ, ಕೋತಿ! ಹಿಂದೆ ಹುಟ್ಟಿದ ಇದರ ಅಣ್ಣ ಕಣ್ಣು ಮಿಟುಕಿಸೋದ್ರೊಳಗೇ ಹೋಗಿದ್ದ. ಇದರಲ್ಲಿ ನ್ಯೂಟ್ರಾನ್ ಒಂದೆರಡು ಜಾಸ್ತಿ, ಅದಕ್ಕೇ ಇಷ್ಟು ಹೊತ್ತು ತಡೀತು. ಇನ್ನಷ್ಟು ತುಂಬೋಕಾದ್ರೆ ವರ್ಷಗಟ್ಟಲೆ ನಿಲ್ಲೋದೂ ಸಿಗಬಹುದು!" ಹಾಗಂದು ಕಣ್ಣೊರೆಸಿಕೊಂಡರು. ನಾನು ಟೋಪಿ ಹಾಕಿಕೊಂಡೆ.

ಇವತ್ತು ನನ್ನ ಪರೀಕ್ಷಾ ಅವಧಿ ಮುಗಿಯಿತು. ಕೆಲಸ ಕಾಯಂ ಆಯಿತು ಅಜ್ಜಿ! ನೀನು ಹೆಣೆದ ಕಾಲುಚೀಲದಿಂದ ಕೆಮ್ಮೂ ಹೋಯಿತು. ಹೊರಡುವಾಗ ಬೈದು ರೈಲು ಹತ್ತಿಸಿದ್ದಕ್ಕೆ ನಿನಗೆ ಎಷ್ಟು ಕೈಮುಗಿದರೂ ಕಡಿಮೆಯೇ.

ಹಾಳೆಯಲ್ಲಿ ಜಾಗ ಮುಗಿಯಿತು, ನಿಜ ಹೇಳಿಬಿಡುತ್ತೇನೆ. "ನನ್ನಲ್ಲಿ ಏನು ಕಂಡು ಉಳಿಸಿಕೊಂಡ್ರಿ?" ಅಂತ ಕಪಿತೊಲಿನಾ ಅವರನ್ನು ಕೇಳಿದೆ. "ನಿನ್ನ ಕಳಿಸಿಬಿಟ್ರೆ ನಿಮ್ಮಜ್ಜಿ ಅಣಬೆ ನಮಗೆ ಯಾರು ತಂದ್ಕೊಡ್ತಾರೋ?" ಅಂದರು. ಜಾಡಿಯ ತಳ ಕಾಣುತ್ತಿದೆ ಅಜ್ಜಿ, ಬೇಗ ಕಳಿಸು.

ನಿನ್ನ ಗ್ಲೆಬ್