ಕುರ್ಚಿ ಬಿಟ್ಟು ಎದ್ದದ್ದಕ್ಕೆ

ಹೋಬಾರ್ಟ್, ಫೆಬ್ರವರಿ 18, ಮಂಗಳವಾರ.

ಉಚ್ಚೆ ಹೊಯ್ಯಲೂ ಅಪ್ಪಣೆ ಬೇಕಾದ ಈ ಕಸುಬನ್ನು ಹನ್ನೊಂದು ವರ್ಷದಿಂದ ಮಾಡುತ್ತಿದ್ದೇನೆ. ಜೊತೆಯಾಟ ಸಾಗುತ್ತಿರುವಾಗ ಡ್ರೆಸ್ಸಿಂಗ್ ರೂಮಿನಲ್ಲಿ ಯಾರೂ ಕೂತಲ್ಲಿಂದ ಏಳಬಾರದು. ಎದ್ದರೆ ವಿಕೆಟ್ ಬೀಳುತ್ತದಂತೆ. ಮುಂದಿನ ಬ್ಯಾಟಿಂಗ್ ನನ್ನದು. ಈ ಪಂದ್ಯದಲ್ಲೂ ರನ್ ಬಾರದಿದ್ದರೆ ಮುಂದಿನ ವರ್ಷ ನಾನು ತಂಡದಲ್ಲಿಲ್ಲ. ಊಟವಾದ ಮೇಲೆ ಪ್ಯಾಡ್ ಕಟ್ಟಿಕೊಂಡು ಸುಮಾರು ಎರಡು ಗಂಟೆ ಕೂತೆ. ಕೊನೆಗೆ ತಡೆಯಲಾರದೆ ಎದ್ದೆ.

"ಕೂತ್ಕೊಳೋ ಫರ್ಗೀ, ದಮ್ಮಯ್ಯ!" ಎಂದು ಕೋಚ್ ಬ್ರೂಸ್ಟರ್ ಕೂಗಿದ.

ಬಾಗಿಲು ಹಾಕಿಕೊಳ್ಳುವಷ್ಟರಲ್ಲಿ ಹೊರಗೆ ವಿಕೆಟ್ ಬಿತ್ತು. ಹೋದ ಕೆಲಸ ಮುಗಿಸದೆ ಮೈದಾನಕ್ಕೆ ಓಡಿದೆ. ಮೊದಲ ಚೆಂಡಿಗೇ ಔಟು.

ವಾಪಸು ಬಂದರೆ ನನ್ನ ಸೊನ್ನೆಯ ಬಗ್ಗೆ ಒಬ್ಬರೂ ಚಕಾರವೆತ್ತಲಿಲ್ಲ. ತೊಂಬತ್ತೆಂಟಕ್ಕೆ ಔಟಾಗಿದ್ದ ಕ್ಯಾಪ್ಟನ್ ಕಾನ್ರಾಡ್ ಗ್ಲೌಸ್ ಎಸೆದು, "ನನ್ನ ಸೆಂಚುರೀನ ಉಚ್ಚೇಲಿ ಕೊಚ್ಚಿಬಿಟ್ಯಲ್ಲೋ ಮಾರಾಯ!" ಎಂದ. ಎಲ್ಲರೂ ಹೌದೆಂದು ತಲೆಯಾಡಿಸಿದರು. ಥೂ!

ಸಂಜೆ ಬ್ರೂಸ್ಟರ್ ಬಂದು ಪಕ್ಕದಲ್ಲಿ ಕೂತ. ಮುಂದಿನ ವರ್ಷದ ಮಾತೆತ್ತುತ್ತಾನೆ ಎಂದುಕೊಂಡೆ.

"ನಾಳೆ ಅವರು ಬ್ಯಾಟ್ ಮಾಡೋವಾಗ ಜೋಡಿ ಮುರೀಲಿಲ್ಲ ಅಂದ್ರೆ, ನೀನು ಒಂದ್ಸಲ ಟಾಯ್ಲೆಟ್ಟಿಗೆ ಹೋಗ್ಬಾ."

ತಮಾಷೆಯೆಂದು ನಕ್ಕೆ. ಅವನು ನಗಲಿಲ್ಲ.

ತಂಡದಲ್ಲಿ ಇಟ್ಟುಕೊಳ್ಳುವುದಾದರೆ ಹೋಗಿಯೂ ಬರುತ್ತೇನೆ.